ಒದೆಯದ ಕಾಲುಗಳು

ಕಬಡ್ಡಿಯಲ್ಲಿ ಕಾರ್ನರ್ ನಿಲ್ಲುವವಳು ಎದುರಿನಿಂದ ಬರುವವಳ ಮುಖ ನೋಡಬಾರದು. ಮುಖಕ್ಕೆ ನಾಟಕ ಆಡಲು ಬರುತ್ತದೆ, ಕಾಲಿಗೆ ಬರುವುದಿಲ್ಲ ಎಂದು ನಮ್ಮ ಪಿ.ಟಿ. ಟೀಚರ್ ಲಲಿತಾ ಮಿಸ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ದಾಳಿಗೆ ಬಂದವಳ ಭಾರ ಯಾವ ಪಾದದ ಮೇಲಿದೆ, ಹಿಮ್ಮಡಿ ನೆಲದಿಂದ ಎಷ್ಟು ಎದ್ದಿದೆ ಎಂದು ನೋಡಿ, ಹಾರಿ ಕಣಕಾಲು ಹಿಡಿಯಬೇಕು. ಎಂಟನೇ ಕ್ಲಾಸಿನಲ್ಲಿ ಅಂಟಿಕೊಂಡ ಈ ಚಾಳಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ ನಾನು ಮೊದಲು ನೋಡುವುದು ಜನರ ಕಾಲನ್ನೇ. ಹುಡುಗಿ ಎಷ್ಟು ನಾಚಿಕೆಯವಳು ನೋಡಿ, ತಲೆಯನ್ನೇ ಎತ್ತುವುದಿಲ್ಲ ಎಂದು ನೆಂಟರು ಮೆಚ್ಚಿಕೊಳ್ಳುತ್ತಾರೆ. ಮೆಚ್ಚಿಕೊಳ್ಳಲಿ ಬಿಡಿ.

ಈಗ ನಾನು ಡಿಗ್ರಿ ಓದುತ್ತಿದ್ದೇನೆ, ಆರೋಗ್ಯವಾಗಿದ್ದೇನೆ. ವರ್ಷಕ್ಕೊಮ್ಮೆ ಹೃದಯದ ಡಾಕ್ಟರ ಬಳಿ ಹೋಗಿ ಬರುತ್ತೇನೆ. ಆ ಕೋಣೆಯ ಹೊರಗೆ ಯೂನಿಫಾರ್ಮಿನ ವಯಸ್ಸಿನ ಮಕ್ಕಳು ಅಮ್ಮಂದಿರ ಪಕ್ಕ ಕೂತು ಕಾಲು ಅಲ್ಲಾಡಿಸುತ್ತಿರುತ್ತಾರೆ. ಅವರಲ್ಲಿ ಯಾರಾದರೂ ಒಬ್ಬರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಧೈರ್ಯ ಹೇಳುವುದು ನನ್ನ ಉದ್ದೇಶವಲ್ಲ. ಧೈರ್ಯ ಹೇಳುವವರು ನನಗೆ ಬೇಕಾದಷ್ಟು ಸಿಕ್ಕಿದ್ದರು, ಅವರು ಎದ್ದು ಹೋದ ಮೇಲೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ನಮ್ಮದು ಇಟ್ಟಮಡುವಿನ ಕಡೆಯ ಒಂದು ಹೈಸ್ಕೂಲು. ಕಟ್ಟಡದ ಹಿಂದಿನ ಮಣ್ಣಿನ ಜಾಗವೇ ನಮ್ಮ ಕಬಡ್ಡಿ ಅಂಕಣ. ನಾನು ಎಡಗಡೆಯ ಕಾರ್ನರ್, ಮೂಲೆ ಕಾಯುವವಳು. ದಾಳಿಗೆ ಹೋಗುವುದರಲ್ಲಿ ನಮ್ಮಲ್ಲಿ ಮುಂದಿದ್ದವಳು ರೇಣುಕಾ. ಗದಗದ ಕಡೆಯವಳು, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಬಂದು ಮೂರು ವರ್ಷವಾಗಿದ್ದರೂ ಅವಳ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಪ್ರಾಕ್ಟೀಸಿನಲ್ಲಿ ಅವಳನ್ನು ಹಿಡಿಯುವುದು ನನ್ನ ಕೆಲಸ, ನನ್ನ ಕೈಯಿಂದ ಕಾಲು ಕಿತ್ತುಕೊಳ್ಳುವುದು ಅವಳ ಕೆಲಸ. ಅವಳ ಹಿಮ್ಮಡಿಯ ಏಟಿನ ನೀಲಿ ಗುರುತು ನನ್ನ ಭುಜದ ಮೇಲೆ ಯಾವಾಗಲೂ ಒಂದಾದರೂ ಇರುತ್ತಿತ್ತು. ನಾವಿಬ್ಬರೂ ಗೆಳತಿಯರಾದದ್ದು ಹೀಗೆ.

ಕೊರೊನಾ ಬಂದು ಶಾಲೆ ಮುಚ್ಚಿತು, ಮತ್ತೆ ತೆರೆಯಿತು. ನಾವು ಒಂಬತ್ತನೇ ಕ್ಲಾಸಿನಲ್ಲಿದ್ದೆವು. ಆಟಕ್ಕೂ ಅಂತರ ಬೇಕು ಎಂದು ಮೇಲಿನಿಂದ ಹೇಳಿ ಕಳಿಸಿದ್ದರಂತೆ. ಕಬಡ್ಡಿಯಲ್ಲಿ ಅಂತರ! ಲಲಿತಾ ಮಿಸ್ ಎರಡು ದಿನ ಯೋಚನೆ ಮಾಡಿ ದಾರಿ ಕಂಡುಹಿಡಿದರು. ರಕ್ಷಣೆಗೆ ನಿಂತವರು ಕೈ ಕೈ ಹಿಡಿದು ಸರಪಳಿ ಕಟ್ಟುವ ಬದಲು ಹಳೆಯ ದುಪಟ್ಟಾದ ಒಂದೊಂದು ತುದಿ ಹಿಡಿಯಬೇಕು. ಎಲ್ಲರಿಗೂ ಮಾಸ್ಕ್. ದಾಳಿಗೆ ಹೋಗುವ ಮುಂಚೆ ಎಲ್ಲರ ಕೈಗೂ ಸ್ಯಾನಿಟೈಸರ್.

ಇದರ ಗಮ್ಮತ್ತು ಹೇಳಿ ಮುಗಿಯುವುದಿಲ್ಲ. ಸ್ಯಾನಿಟೈಸರಿನ ಕೈಯಲ್ಲಿ ಕಣಕಾಲು ಹಿಡಿದರೆ ಸೋಪು ಹಿಡಿದ ಹಾಗೆ ಜಾರುತ್ತಿತ್ತು. ಮಾಸ್ಕಿನೊಳಗೆ ರೇಣುಕಾ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿದ್ದಾಳೋ ಸುಮ್ಮನಿದ್ದಾಳೋ ಗೊತ್ತಾಗದೆ ಮಿಸ್ ಅವಳ ಬಾಯಿಯ ಪಕ್ಕ ಕಿವಿ ಇಟ್ಟುಕೊಂಡು ಅಂಕಣದ ತುಂಬ ಓಡುತ್ತಿದ್ದರು. ದುಪಟ್ಟಾ ಹಿಡಿದು ಗಂಭೀರವಾಗಿ ದೂರ ದೂರ ನಿಂತ ನಾವು, ಅವಳು ಸಿಕ್ಕಿದ ಕೂಡಲೇ ಏಳು ಜನವೂ ಅವಳ ಮೇಲೆ ರಾಶಿ ಬೀಳುತ್ತಿದ್ದೆವು. ಎದ್ದು ಮಣ್ಣು ಕೊಡವಿಕೊಂಡು ಮತ್ತೆ ದೂರ ದೂರ ನಿಲ್ಲುತ್ತಿದ್ದೆವು. ಆಗ ಯಾರಿಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ. ಒಂದು ವರ್ಷ ಮನೆಯೊಳಗೆ ಕೊಳೆತ ಮಕ್ಕಳು ನಾವು, ಯಾರನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲು ಸಿಕ್ಕರೆ ಸಾಕಾಗಿತ್ತು.

ನನಗೆ ಜ್ವರ ಬಂದಾಗ ಊರಿಗೆಲ್ಲ ಬಂದಿತ್ತು. ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಅಮ್ಮನಿಗೂ ಬಂತು, ಹೋಯಿತು. ಅಪ್ಪನಿಗೆ ಬರಲೇ ಇಲ್ಲ. ಎಲೆಕ್ಟ್ರಿಷಿಯನ್ ಕೆಲಸ, ಕರೆಂಟಿಗೇ ಸಿಗದವರು ಕೊರೊನಾಕ್ಕೆ ಸಿಗುತ್ತಾರಾ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನನ್ನ ಜ್ವರ ನಾಲ್ಕೈದು ದಿನ ಇದ್ದು ಬಿಟ್ಟಿತು. ವಾಸನೆ ಕೂಡ ಹೋಗಿರಲಿಲ್ಲ. ಇಷ್ಟೇನಾ ಎಂದುಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಕೆಳಗಿನಿಂದ ನೀರಿನ ಕ್ಯಾನು ಎತ್ತಿಕೊಂಡು ಎರಡನೇ ಮಹಡಿಯ ನಮ್ಮ ಮನೆಗೆ ಹತ್ತುತ್ತಿದ್ದಾಗ ಎದೆಯೊಳಗೆ ಏನೋ ಮಗುಚಿಕೊಂಡ ಹಾಗಾಯಿತು. ನೋವು ಎನ್ನುವಷ್ಟಿಲ್ಲ. ಹೃದಯ ಒಂದು ಬಡಿತ ಬಿಟ್ಟು, ತಡವಾಯಿತೆಂದು ಎರಡು ಒಟ್ಟಿಗೆ ಬಡಿದಂತೆ. ಕ್ಯಾನು ಅಲ್ಲೇ ಇಟ್ಟು ಮೆಟ್ಟಿಲ ಮೇಲೆ ಕೂತೆ. ಅಮ್ಮ ಮೇಲಿನಿಂದ, “ಏನೇ, ನೀರು ತರೋಕೆ ಕಾವೇರಿಗೇ ಹೋದ್ಯಾ?” ಎಂದು ಕೂಗಿದರು. ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದವಳಲ್ಲ ನಾನು. ಅಮ್ಮ ಓಡಿಬಂದರು.

ನಮ್ಮ ರಸ್ತೆಯ ಕ್ಲಿನಿಕ್ಕಿನ ಡಾಕ್ಟರಿಗೆ ಕೂತಲ್ಲೇ ಬಲಗಾಲು ಕುಣಿಸುವ ಅಭ್ಯಾಸ. ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಮುಖಗವಸು, ಮುಖ ಕಾಣುವ ಮಾತೇ ಇಲ್ಲ. ನಾನು ಟೇಬಲ್ಲಿನ ಕೆಳಗೆ ಅವರ ಚಪ್ಪಲಿ ನೋಡುತ್ತಿದ್ದೆ. ನರ್ಸು ಇಸಿಜಿ ಕಾಗದ ಹರಿದು ಕೊಟ್ಟರು. ಡಾಕ್ಟರು ಅದನ್ನು ನೋಡುತ್ತಿದ್ದ ಹಾಗೆ ಕುಣಿಯುತ್ತಿದ್ದ ಕಾಲು ನಿಂತುಹೋಯಿತು. ಬಾಯಲ್ಲಿ ಮಾತ್ರ, “ಏನಿಲ್ಲಮ್ಮ, ಒಂದ್ಸಲ ದೊಡ್ಡ ಆಸ್ಪತ್ರೇಲಿ ತೋರಿಸ್ಕೊಂಡ್ಬಿಡಿ” ಎಂದರು. ಅಮ್ಮ ಆ ಮಾತು ನಂಬಿದರು. ನಾನು ಕಾಲನ್ನು ನಂಬಿದೆ.

ದೊಡ್ಡ ಆಸ್ಪತ್ರೆಯ ಹೆಸರು ಬೇಡ. ಆ ದಿನಗಳಲ್ಲಿ ಎಲ್ಲ ಆಸ್ಪತ್ರೆಗಳೂ ಒಂದೇ ಆಗಿದ್ದವು. ಎರಡನೆಯ ಅಲೆ ಏರುತ್ತಿತ್ತು. ಹೃದಯದ ವಿಭಾಗಕ್ಕೆ ಹೋಗಬೇಕಾದರೆ ಎಮರ್ಜೆನ್ಸಿಯ ಮುಂದಿನ ಓಣಿಯಲ್ಲೇ ಹಾಯಬೇಕಿತ್ತು. ಅಲ್ಲಿ ಗೋಡೆಗೆ ಒತ್ತಿ ಸಾಲಾಗಿ ಸ್ಟ್ರೆಚರುಗಳು. ಅಮ್ಮ ನನ್ನ ಕೈ ಹಿಡಿದು, “ಆ ಕಡೆ ನೋಡ್ಬೇಡ, ನೆಲ ನೋಡ್ಕೊಂಡು ಬಾ” ಎಂದರು. ನೆಲ ನೋಡು ಎಂದು ನನಗೆ ಹೇಳಿದರೆ ಆಗುವುದು ಏನು? ಕಾಲುಗಳೇ ಕಂಡವು. ಸಾಕ್ಸ್ ಹಾಕಿದ ಕಾಲು, ಬಿರುಕು ಬಿಟ್ಟ ಕಾಲು, ಚಳಿಗೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದ ಕಾಲು. ಕೊನೆಯ ಸ್ಟ್ರೆಚರಿನಲ್ಲಿ ಹೊದಿಕೆಯ ಆಚೆ ಚಾಚಿದ ಎರಡು ಪಾದಗಳು. ಹೆಬ್ಬೆರಳುಗಳನ್ನು ಬ್ಯಾಂಡೇಜಿನ ಬಟ್ಟೆಯಿಂದ ಜೋಡಿಸಿ ಕಟ್ಟಿದ್ದರು.

ಹೆಬ್ಬೆರಳು ಕಟ್ಟುವುದು ಯಾವಾಗ ಎಂದು ನನಗೆ ಗೊತ್ತಿತ್ತು. ತಾತ ತೀರಿಕೊಂಡಾಗ ನೋಡಿದ್ದೆ. ಆದರೆ ಅದು ತಾತ, ಅದು ಮನೆ, ಸುತ್ತ ಜನ ಅಳುತ್ತಿದ್ದರು. ಇಲ್ಲಿ ಆ ಪಾದಗಳ ಹತ್ತಿರ ಯಾರೂ ಇರಲಿಲ್ಲ. ಹೆಣ್ಣಿನ ಪಾದ, ಕಾಲುಂಗುರದ ಗುರುತಿತ್ತು, ಉಂಗುರ ಇರಲಿಲ್ಲ. ನಾನು ನಡೆದುಕೊಂಡೇ ದಾಟಿದೆ. ಅವು ಮಾತ್ರ ನನ್ನ ಕಣ್ಣಿನ ಒಳಗೆ ಬಂದು ನಿಂತವು. ಈಗಲೂ ನಿಂತಿವೆ.

ಹೃದಯದ ಸ್ಕ್ಯಾನು, ಎಕೋ, ಮಾಡುವ ಅಕ್ಕ ಕೋಣೆಯ ದೀಪ ಆರಿಸಿ, ಎದೆಗೆ ಹಚ್ಚುವ ಜೆಲ್ಲಿನ ಬಾಟಲಿಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತರು. “ತಣ್ಣಗಿರುತ್ತೆ ಪುಟ್ಟಾ, ಬೆಚ್ಚಗಾಗ್ಲಿ ಇರು” ಎಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಆದರೂ ಅವರು ನನಗಾಗಿ ಬಾಟಲಿ ಬೆಚ್ಚಗೆ ಮಾಡಿದರು. ಆ ದಿನ ನಾನು ಅತ್ತದ್ದು ಅಲ್ಲಿ ಮಾತ್ರ.

ವಾರ್ಡಿನಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಿಡುವ ದಿನ ಡಾಕ್ಟರು ಅಪ್ಪ ಅಮ್ಮನನ್ನು ಕೂರಿಸಿ, “ಹಾರ್ಟ್‌ನ ಸ್ನಾಯು ಊದ್ಕೊಂಡಿದೆ. ಕೊರೊನಾ ಬಂದ್ಮೇಲೆ ಕೆಲವು ಮಕ್ಕಳಿಗೆ ಹೀಗಾಗ್ತಾ ಇದೆ. ಬಹಳಷ್ಟು ಮಕ್ಕಳಲ್ಲಿ ಸರಿಹೋಗುತ್ತೆ. ಆದ್ರೆ ಆರು ತಿಂಗಳು ಓಟ ಇಲ್ಲ, ಆಟ ಇಲ್ಲ. ನೋಡೋಕೆ ಚೆನ್ನಾಗೇ ಇರ್ತಾಳೆ, ಅದೇ ತೊಂದ್ರೆ. ಚೆನ್ನಾಗಿದೀನಿ ಅಂತ ಹೋಗಿ ಓಡಿದ್ರೆ...” ಎಂದು ನಿಲ್ಲಿಸಿದರು.

“ಓಡಿದ್ರೆ ಏನಾಗುತ್ತೆ ಸಾರ್?” ಎಂದೆ.

“ಓಡ್ಬೇಡ. ಅಷ್ಟೇ.”

ಆ ಅರ್ಧ ವಾಕ್ಯವನ್ನು ಅವರು ಮುಗಿಸಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಮುಗಿಸದ ಕಾರಣ ನಾನೇ ದಿನಕ್ಕೊಂದು ರೀತಿಯಲ್ಲಿ ಮುಗಿಸಿಕೊಂಡೆ. ಮಕ್ಕಳಿಗೆ ಕಾಯಿಲೆಯ ವಿಷಯ ಅರ್ಧ ಹೇಳುವ ದೊಡ್ಡವರೆಲ್ಲರ ಮೇಲೂ ನನಗೆ ಇಂದಿಗೂ ಸಿಟ್ಟಿದೆ.

ಮನೆಯಲ್ಲಿ ಅಮ್ಮ ಬೈಯುವುದನ್ನು ನಿಲ್ಲಿಸಿಬಿಟ್ಟರು. ಅಮ್ಮನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಹೊಲಿದ ಶರ್ಟಿನಲ್ಲಿ ಎಲ್ಲಿ ಒಂದು ಎಳೆ ಬಿಟ್ಟಿದೆ, ಎಲ್ಲಿ ಗುಂಡಿ ವಾಲಿದೆ ಎಂದು ದಿನವಿಡೀ ಹುಡುಕುವವರು ಮನೆಗೆ ಬಂದು ನನ್ನಲ್ಲೂ ಹುಡುಕುತ್ತಿದ್ದರು. ತಲೆ ಬಾಚಿಲ್ಲ, ತಟ್ಟೆ ತೊಳೆದಿಲ್ಲ, ಕುತ್ತಿಗೆಯಲ್ಲಿ ಮಣ್ಣು. ಅದೆಲ್ಲ ಒಂದೇ ದಿನಕ್ಕೆ ನಿಂತಿತು. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಮರೆತು ತಳ ಹಿಡಿಸಿದೆ. “ಇರಲಿ ಬಿಡು ಕಂದಾ” ಎಂದರು. ಕಂದ! ನನಗೆ ರಿಪೋರ್ಟು ನೋಡಿದಾಗ ಆಗದ ಭಯ ಆ ಒಂದು ಮಾತಿಗೆ ಆಯಿತು.

ಅಪ್ಪ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದು ಬೆಳಿಗ್ಗೆ ಎದ್ದ ಕೂಡಲೇ, ಕೆಲಸಕ್ಕೆ ಹೊರಡುವಾಗ, ಬಂದ ಮೇಲೆ ನನ್ನ ಬೆರಳು ಕೇಳುತ್ತಿದ್ದರು. ಪಕ್ಕದ ಮನೆಯ ಆಂಟಿ ನಾನು ಬಾಗಿಲಿಗೆ ಬಂದರೆ ದನಿ ತಗ್ಗಿಸುತ್ತಿದ್ದರು. ವಿಡಿಯೋ ಕಾಲಿನಲ್ಲಿ ರೇಣುಕಾ ಕೂಡ, “ಊಟ ಆತೇನು? ಮಲ್ಕೊ, ದಣೀಬ್ಯಾಡ” ಎಂದು ಯಾರದೋ ಅತ್ತೆಯ ಹಾಗೆ ಮಾತಾಡುತ್ತಿದ್ದಳು. ಜಗಳ ಆಡಲು ಮನೆಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ ಒಬ್ಬರೂ ಉಳಿಯಲಿಲ್ಲ.

ನಾನಾದರೂ ಅವರಿಗಿಂತ ಮೇಲೇನಲ್ಲ. ಎಡಮಗ್ಗುಲಿಗೆ ಮಲಗಿದರೆ ದಿಂಬಿನಲ್ಲಿ ಹೃದಯದ ಸದ್ದು ಕೇಳಿಸುತ್ತಿತ್ತು. ಮಧ್ಯಾಹ್ನದ ಆನ್‌ಲೈನ್ ಕ್ಲಾಸು ಮ್ಯೂಟ್ ಮಾಡಿ ಅದನ್ನೇ ಕೇಳುತ್ತಿದ್ದೆ. ಸರಿಯಾಗಿ ಬಡಿಯುತ್ತಿದ್ದರೆ ಯಾವಾಗ ತಪ್ಪುತ್ತದೋ ಎಂದು ಕಾಯುತ್ತಿದ್ದೆ. ತಪ್ಪಿದರೆ ಇದೇ ಕೊನೆ ಎಂದು ಕಾಲು ಅಲ್ಲಾಡಿಸಿ ನೋಡುತ್ತಿದ್ದೆ. ಹೌದು, ಕಾಲೇ. ಹೆಬ್ಬೆರಳುಗಳು ಬೇರೆ ಬೇರೆಯಾಗಿ ಆಡುತ್ತವೆ ಎಂದು ಖಾತ್ರಿಯಾದ ಮೇಲೆ ಸಮಾಧಾನ. ಇದನ್ನು ಯಾರಿಗೆ ಹೇಳಲಿ?

ಚೆಕಪ್ಪಿಗೆ ಹೋದಾಗ ಸಿಂಚನಾ ಸಿಕ್ಕಿದಳು. ಕಾಯುವ ಜಾಗದಲ್ಲಿ ಒಂದು ಕುರ್ಚಿ ಬಿಟ್ಟು ಒಂದಕ್ಕೆ ಕೆಂಪು ಟೇಪಿನಲ್ಲಿ ಅಡ್ಡಗೆರೆ ಹಾಕಿದ್ದರು, ಅದರ ಮೇಲೆ ಕೂರುವಂತಿಲ್ಲ. ಟೇಪಿನ ಕುರ್ಚಿಯ ಆಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದವಳು ಅವಳು. ಪಾದದ ಅಂಚುಗಳೆಲ್ಲ ಗಟ್ಟಿಗಟ್ಟಿ, ಎಡಗಾಲಿನ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಇದು ಮನೆಯಲ್ಲಿ ಕೂತವರ ಕಾಲಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳೇ, “ನೀನು ಕಬಡ್ಡಿನಾ?” ಎಂದಳು.

“ಹೇಗೆ ಗೊತ್ತಾಯ್ತು?”

“ಮೊಣಕೈ ನೋಡು, ಮಣ್ಣಲ್ಲಿ ತೇಯ್ಕೊಂಡಿರೋದು. ನಂದು ಜೂಡೋ.”

ಜೆ.ಪಿ. ನಗರದವಳು, ಹತ್ತನೇ ಕ್ಲಾಸು. ನನ್ನದೇ ಕಾಯಿಲೆ, ನನ್ನದೇ ಆರು ತಿಂಗಳು. ಡಾಕ್ಟರು ಹೂಂ ಎಂದ ದಿನ ಮೊದಲು ಯಾರನ್ನು ಎತ್ತಿ ಎಸೆಯುತ್ತೀಯ ಎಂದು ಕೇಳಿದೆ. “ಇದೇ ಡಾಕ್ಟರ್‌ನ” ಎಂದಳು. ನಾವಿಬ್ಬರೂ ನಕ್ಕದ್ದಕ್ಕೆ ಸಾಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಆ ಜಾಗದಲ್ಲಿ ಯಾರೂ ನಗುತ್ತಿರಲಿಲ್ಲ. ಮುಂದಿನ ಸಲವೂ ನಮ್ಮಿಬ್ಬರ ಚೆಕಪ್ ಒಂದೇ ದಿನ ಬಂತು. ಆಗ ಅವಳು ನಗಲಿಲ್ಲ. “ಮನೇಲಿ ಯಾರೂ ನನ್ನ ಮುಟ್ಟೋದೇ ಇಲ್ಲ ಕಣೆ. ತಮ್ಮ ರಿಮೋಟ್‌ಗೆ ಕಿತ್ತಾಡ್ತಿದ್ದ, ಈಗ ತಾನೇ ತಂದು ಕೊಡ್ತಾನೆ. ಸತ್ತೇ ಹೋಗಿದೀನೇನೋ ಅನ್ಸುತ್ತೆ” ಎಂದಳು. ನಾನು ಟೇಪಿನ ಕುರ್ಚಿಯ ಮೇಲಿನಿಂದ ಕೈ ಚಾಚಿ ಅವಳ ತೋಳಿಗೆ ಒಂದು ಗುದ್ದು ಕೊಟ್ಟೆ. ಅವಳು ಅದಕ್ಕಿಂತ ಜೋರಾಗಿ ಒಂದು ವಾಪಸು ಕೊಟ್ಟಳು. ಅವಳ ಅಮ್ಮ ಗಾಬರಿಯಾಗಿ, “ಏ, ಏನ್ರೇ ಅದು!” ಎಂದರು. ಎಷ್ಟು ತಿಂಗಳ ಮೇಲೆ ನನಗೆ ಏಟು ಬಿದ್ದಿತ್ತು! ಮನೆಗೆ ಬರುವವರೆಗೂ ತೋಳು ಸವರಿಕೊಳ್ಳುತ್ತಿದ್ದೆ.

ಮೂರನೆಯ ಸಲ ನಾನು ಬೇಗ ಹೋಗಿ ಟೇಪಿನ ಕುರ್ಚಿಯ ಪಕ್ಕ ಕೂತು ಕಾದೆ. ಬಾಗಿಲ ಕಡೆಯಿಂದ ಬರುವ ಕಾಲುಗಳನ್ನೆಲ್ಲ ನೋಡಿದೆ. ನರ್ಸು ಹೊರಗೆ ಬಂದು, “ಸಿಂಚನಾ” ಎಂದು ಕೂಗಿದರು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿದರು. ಓಣಿಯ ಆ ತುದಿಗೆ ಕೇಳಲಿ ಎಂದು ಮೂರನೆಯ ಸಲ ಗಟ್ಟಿಯಾಗಿ ಕೂಗಿದರು. ಆಮೇಲೆ ಕೈಯಲ್ಲಿದ್ದ ಫೈಲನ್ನು ಕೆಳಗಿಟ್ಟು, “ಚೈತ್ರಾ” ಎಂದರು. ಅದು ನಾನು. ಅಮ್ಮ ತೋಳು ಹಿಡಿದು ಎಬ್ಬಿಸಿದರು.

“ಅವಳು ಯಾಕೆ ಬಂದಿಲ್ಲ ಸಿಸ್ಟರ್?”

“ಗೊತ್ತಿಲ್ಲಮ್ಮ. ಬಂದಿಲ್ಲ ಅಷ್ಟೇ.”

ನಾವು ಫೋನ್ ನಂಬರ್ ತೆಗೆದುಕೊಂಡಿರಲಿಲ್ಲ. ಮುಂದಿನ ಸಲ ಸಿಗುತ್ತೇವಲ್ಲ ಎಂದುಕೊಂಡಿದ್ದೆವು. ಅಮ್ಮ ಆಟೋದಲ್ಲಿ, “ಊರಿಗೆ ಹೋಗಿರ್ತಾರೆ ಕಣೆ. ಬೇರೆ ಡಾಕ್ಟರ್‌ಗೆ ತೋರಿಸ್ತಿರ್ತಾರೆ. ಎಷ್ಟೊಂದು ಕಾರಣ ಇರುತ್ತೆ” ಎಂದರು. ಇರಬಹುದು. ಇಂದಿಗೂ ನನಗೆ ಗೊತ್ತಿಲ್ಲ. ಎಲ್ಲ ಕಾರಣಗಳನ್ನೂ ಒಂದೊಂದಾಗಿ ನಂಬಿ ನೋಡಿದ್ದೇನೆ, ಹಗಲು ಹೊತ್ತಿನಲ್ಲಿ ನಂಬಿಕೆ ನಿಲ್ಲುತ್ತದೆ ಕೂಡ. ಆದರೆ ಜಯನಗರದ ಅಂಗಡಿಸಾಲಿನಲ್ಲಿ, ಬನಶಂಕರಿ ಬಸ್ ನಿಲ್ದಾಣದಲ್ಲಿ ಸೊಟ್ಟ ಕಿರುಬೆರಳಿನ ಒಂದು ಎಡಗಾಲಿಗಾಗಿ ಹುಡುಕುವುದನ್ನು ನಾನು ನಿಲ್ಲಿಸಿಲ್ಲ. ಚಪ್ಪಲಿ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟದ್ದೂ ಇದೆ.

ಆರು ತಿಂಗಳು ಕಳೆದ ಮೇಲೆ ಎಕೋ ಮಾಡಿದರು, ಒಂದು ಇಡೀ ದಿನ ಎದೆಗೆ ತಂತಿ ಅಂಟಿಸಿಕೊಂಡು ಓಡಾಡಿಸಿದರು, ಓಡುವ ಯಂತ್ರದ ಮೇಲೆ ಓಡಿಸಿದರು. ಡಾಕ್ಟರು, “ಎಲ್ಲ ಚೆನ್ನಾಗಿದೆ. ಆಡ್ಬಹುದು. ನಿಧಾನಕ್ಕೆ ಶುರು ಮಾಡು” ಎಂದರು. ಅಪ್ಪ ಅಲ್ಲೇ ಕಣ್ಣು ಒರೆಸಿಕೊಂಡರು. ನಾನು ಡಾಕ್ಟರ ಬೂಟು ನೋಡಿದೆ. ಅವು ನೆಮ್ಮದಿಯಾಗಿದ್ದವು. ಆದರೂ ಅವರು ಆಡಬೇಡ ಎನ್ನುತ್ತಿದ್ದಷ್ಟು ದಿನ ಇದ್ದ ನನ್ನ ಧೈರ್ಯ, ಹೂಂ ಎಂದ ಕೂಡಲೇ ಹಾರಿಹೋಯಿತು. ಸರಿಹೋಗಿದೆ ಎಂದು ಕಾಗದ ಹೇಳುತ್ತದೆ, ಒಳಗಿರುವುದಕ್ಕೆ ಅದು ಗೊತ್ತೇ?

ಹತ್ತನೇ ಕ್ಲಾಸಿನಲ್ಲಿ ಮತ್ತೆ ಅಂಕಣಕ್ಕೆ ಇಳಿದೆ. ಮೊದಲ ಕೆಲವು ವಾರ ನಡಿಗೆ, ಆಮೇಲೆ ಓಟ, ಆಮೇಲೆ ನನ್ನ ಎಡಗಡೆಯ ಮೂಲೆ. ದುಪಟ್ಟಾ ಹೋಗಿತ್ತು, ಮಾಸ್ಕು ಗದ್ದಕ್ಕೆ ಇಳಿದಿತ್ತು. ಮೊದಲ ದಿನವೇ ರೇಣುಕಾ ದಾಳಿಗೆ ಬಂದಳು, ಹಾರಿದೆ, ಕಣಕಾಲು ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮತ್ತೊಬ್ಬಳು ಬಂದಳು, ಅವಳೂ ಸಿಕ್ಕಿದಳು. ಆ ವಾರ ನನ್ನ ಕೈಯಿಂದ ಯಾರೂ ತಪ್ಪಿಸಿಕೊಳ್ಳಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಿದರೆ, “ನೋಡ್ದ್ಯಾ, ಮೊದ್ಲಿಗಿಂತ ಜೋರಾಗಿದೀಯ” ಎಂದರು. ನಾನೂ ಒಂದಿಷ್ಟು ಉಬ್ಬಿದೆ.

ಒಂದು ಸಂಜೆ ರೇಣುಕಾಳ ಕಾಲು ಹಿಡಿದು ಮಣ್ಣಿನಲ್ಲಿ ಬಿದ್ದಿದ್ದಾಗ, ಕೈಯೊಳಗಿನ ಕಾಲಿನ ಕಡೆ ನನ್ನ ಗಮನ ಹೋಯಿತು. ಸಿಕ್ಕಿಬಿದ್ದ ಕಾಲು ಸುಮ್ಮನಿರುವುದಿಲ್ಲ. ತಿರುಚುತ್ತದೆ, ಎಳೆಯುತ್ತದೆ, ಒದೆಯುತ್ತದೆ, ಬೆರಳುಗಳು ಮಣ್ಣನ್ನು ಕಚ್ಚುತ್ತವೆ. ರೇಣುಕಾಳ ಬಾಯಿ ಜೋರಾಗಿ ಕಬಡ್ಡಿ ಕಬಡ್ಡಿ ಎನ್ನುತ್ತಿತ್ತು, ಮುಖ ಕಷ್ಟಪಟ್ಟು ಕಿವಿಚಿಕೊಂಡಿತ್ತು. ಕಾಲು ಮಾತ್ರ ನನ್ನ ಕೈಯಲ್ಲಿ ಸುಮ್ಮನೆ ಬಿದ್ದಿತ್ತು. ಹಿಮ್ಮಡಿ ನೆಲಕ್ಕೆ ಊರಿ, ಬೆರಳುಗಳು ಸಡಿಲವಾಗಿ, ತಣ್ಣಗೆ. ನನಗೆ ಆ ಓಣಿ ಕಣ್ಣಿಗೆ ಕಟ್ಟಿತು. ಬೆಂಕಿ ಮುಟ್ಟಿದವಳ ಹಾಗೆ ಕೈ ಬಿಟ್ಟೆ.

“ಯಾಕೇ ಬಿಟ್ಟಿ?” ಎಂದಳು ರೇಣುಕಾ.

“ನೀನ್ಯಾಕೆ ಒದೀಲಿಲ್ಲ?”

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಸುತ್ತ ನೋಡಿದೆ. ಯಾರ ಪಾದವೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಲಲಿತಾ ಮಿಸ್ ಸೀಟಿಯನ್ನು ಬಾಯಿಂದ ತೆಗೆದು, “ಏನದು?” ಎಂದರು. ಅವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಹುಡುಗಿಯರೇ ಸೇರಿ ಮಾತಾಡಿಕೊಂಡಿದ್ದರು, ಚೈತ್ರಾ ಹಿಡಿದರೆ ಸಿಕ್ಕಿಬೀಳಬೇಕು, ಯಾರೂ ಒದೆಯಬಾರದು ಎಂದು.

ನಾನು ಅಂಕಣ ಬಿಟ್ಟು ಹೋಗಿ ಕಾಂಪೌಂಡಿನ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ರೇಣುಕಾ ಬಂದು ಎದುರಿಗೆ ನಿಂತಳು.

“ಎಲ್ಲಾರೂ ಸೇರಿ ಆಟ ಆಡಿಸ್ತಿದ್ರಾ ನನ್ನ? ಮಗು ಅಂದ್ಕೊಂಡ್ರಾ?”

“ಹೆಂಗ ಒದೀಲಿ ಹೇಳು? ನನ್ನ ಕಾಲು ನಿನ್ನ ಎದಿಗೆ ಬಡದು ಏನರ ಆತಂದ್ರ, ನಾ ಹೆಂಗ ಇರ್ಲಿ? ನಿಮ್ಮವ್ವಗ ಏನಂತ ಹೇಳ್ಲಿ?”

ಬೈಯಲು ಬಾಯಿ ತೆರೆದವಳು ನಾನು, ಅಳು ಬಂತು. ಯಾಕೆಂದರೆ ಅವಳು ಹೇಳಿದ್ದು ನಿಜವಾಗಿತ್ತು, ಜೊತೆಗೆ ಇನ್ನೊಂದು ನಿಜವೂ ಇತ್ತು. ಆ ವಾರವೆಲ್ಲ ನಾನೂ ಅರ್ಧವೇ ಹಾರುತ್ತಿದ್ದೆ. ಎದೆ ನೆಲಕ್ಕೆ ಬಡಿಯದ ಹಾಗೆ ಮೊಣಕೈ ಮೊದಲು ಊರುತ್ತಿದ್ದೆ, ಕಾಲು ಹಿಡಿದ ಮೇಲೆ ಒಳಗಿನ ಬಡಿತ ಎಣಿಸುತ್ತಿದ್ದೆ. ಅವರು ಒದೆಯದಿದ್ದದ್ದು ನನ್ನ ಕೈಗೆ ಮೊದಲ ದಿನವೇ ಗೊತ್ತಾಗಬೇಕಿತ್ತು. ಗೊತ್ತಾಗದೆ ಹೋದದ್ದು ನನಗೂ ಅದೇ ಬೇಕಾಗಿದ್ದರಿಂದ.

ರೇಣುಕಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಹೆಬ್ಬೆರಳು ಕಟ್ಟಿದ ಪಾದಗಳು, ಡಾಕ್ಟರ ಅರ್ಧ ವಾಕ್ಯ, ಮೂರು ಸಲ ಕೂಗಿದ ಹೆಸರು. ಮಲಗಿದಲ್ಲಿ ಕಾಲು ಅಲ್ಲಾಡಿಸಿ ನೋಡಿಕೊಳ್ಳುವುದನ್ನೂ ಹೇಳಿದೆ. ನನ್ನ ಕೈಯಲ್ಲಿ ಒದೆಯದೆ ಬಿದ್ದ ಅವಳ ಕಾಲು ನನಗೆ ಯಾರ ಕಾಲಿನ ಹಾಗೆ ಕಂಡಿತು ಎಂದೂ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ದೇವರಿದ್ದಾನೆ ಎನ್ನಲಿಲ್ಲ. ತನ್ನ ಎರಡೂ ಕಾಲುಗಳನ್ನು ಮುಂದೆ ಚಾಚಿ ನೋಡಿಕೊಂಡಳು.

“ನನಗ ಹೆದರಿಕಿ ಐತಿ” ಎಂದಳು.

“ನಂಗೂ ಇದೆ.”

“ಡಾಕ್ಟರು ಖರೇನ ಆಡು ಅಂದಾರೇನು?”

“ಆಡು ಅಂದಿದಾರೆ. ಆಡ್ತಾ ಇಲ್ಲ ನಾವು.”

ಅವಳು ಎದ್ದು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. “ಏಳು. ಆಮ್ಯಾಲೆ ಅಳಬಾರ್ದು ನೋಡು ಮತ್ತ” ಎಂದಳು. ಅಳುತ್ತಿದ್ದವಳು ಅವಳೇ.

ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತರು. ಮಿಸ್ ನನ್ನ ಹತ್ತಿರ ಬಂದು, “ಸಾಕು ಅನಿಸಿದ್ರೆ ಕೈ ಎತ್ತು” ಎಂದಷ್ಟೇ ಹೇಳಿ ಹಿಂದೆ ಸರಿದರು. ರೇಣುಕಾ ಮಧ್ಯದ ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಕಬಡ್ಡಿ ಎನ್ನುತ್ತ ಒಳಗೆ ಬಂದಳು. ಬಲಗಡೆಗೆ ಹೋದ ಹಾಗೆ ಮಾಡಿ ನನ್ನ ಕಡೆ ತಿರುಗಿದಳು. ಹಿಮ್ಮಡಿ ಎದ್ದಿತ್ತು, ಬೆರಳುಗಳು ಮಣ್ಣು ಕಚ್ಚಿದ್ದವು. ನಾನು ಹಾರಿದೆ. ಈ ಸಲ ಮೊಣಕೈ ಊರಲಿಲ್ಲ.

ಕಣಕಾಲು ಕೈಗೆ ಸಿಕ್ಕಿದ ಕ್ಷಣವೇ ಅವಳ ಇನ್ನೊಂದು ಹಿಮ್ಮಡಿ ನನ್ನ ಎದೆಗೆ ಬಡಿಯಿತು. ಸದ್ದು ಎಲ್ಲರಿಗೂ ಕೇಳಿಸಿತು. ಉಳಿದ ಹುಡುಗಿಯರು ಇದ್ದಲ್ಲೇ ನಿಂತುಬಿಟ್ಟರು, ಯಾರೂ ನನ್ನ ನೆರವಿಗೆ ಬರಲಿಲ್ಲ, ಮಿಸ್ ಕೂಡ ಅಲ್ಲಾಡಲಿಲ್ಲ. ಇಡೀ ಮೈದಾನದಲ್ಲಿ ಉಳಿದದ್ದು ಒಂದೇ ದನಿ. ರೇಣುಕಾ ಜೋರಾಗಿ ಅಳುತ್ತಿದ್ದಳು, ಅಳುತ್ತಲೇ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದಳು, ನಿಲ್ಲಿಸಲಿಲ್ಲ. ನಿಲ್ಲಿಸಿ ‘ಏನಾತು’ ಎಂದು ಒಂದು ಮಾತು ಕೇಳಿದ್ದರೆ ದಾಳಿ ಮುಗಿದು ಅವಳು ಔಟಾಗುತ್ತಿದ್ದಳು, ನಾನು ಮತ್ತೆ ಕಾಯಿಲೆಯವಳಾಗಿ ಮನೆಗೆ ಹೋಗಿ ಮಲಗಬೇಕಾಗುತ್ತಿತ್ತು. ಅವಳು ಕೇಳಲಿಲ್ಲ. ಕಾಲು ತಿರುಚಿದಳು, ಒದ್ದಳು, ಅಂಗೈಗಳನ್ನು ಮಣ್ಣಿಗೆ ಊರಿ ನನ್ನನ್ನು ದರದರ ಎಳೆದುಕೊಂಡು ಹೊರಟಳು. ನಾನು ಬಿಡಲಿಲ್ಲ. ಬಾಯೊಳಗೆ ಮಣ್ಣು ಹೋಯಿತು, ಮೊಣಕೈ ತರಚಿತು. ಅವಳ ಬೆರಳ ತುದಿ ಮಧ್ಯದ ಗೆರೆ ಮುಟ್ಟಿತು.

ಮಿಸ್ ಸೀಟಿ ಊದಿದರು. ಆಮೇಲೆ, “ಚೈತ್ರಾ ಔಟ್. ಹೊರಗೆ ಹೋಗು” ಎಂದರು.

ಎದ್ದು ಹೊರಗೆ ಹೋಗಿ, ಔಟಾದವರು ಕೂರುವ ಜಾಗದಲ್ಲಿ ಕೂತು ಮಣ್ಣು ಉಗುಳಿದೆ. ಅಷ್ಟೂ ಹೊತ್ತು ನಾನು ನನ್ನ ಎದೆಯನ್ನು ಕೇಳಿಸಿಕೊಂಡಿರಲಿಲ್ಲ ಎಂದು ಆಗ ಗೊತ್ತಾಯಿತು.